ಕೇಳದೆ ಕೊಟ್ಟ ಚಾಪೆ

ಕಳೆದ ಮಂಗಳವಾರ ನಾವು ಒಂಬತ್ತು ಜನ ಹೆಂಗಸರು ಚಾಪೆ ಹೆಣೆಯುವ ಮನೆಯಲ್ಲಿ ಕೂತಿದ್ದೆವು. ಊರಿಗೆ ಹೊಸದಾಗಿ ಬಂದ ಪಾದ್ರಿಯ ಹೆಂಡತಿಯೂ ನಮ್ಮ ನಡುವೆ ಕೂತು ಕೇದಗೆ ಎಲೆ ಸೀಳುವುದನ್ನು ಕಲಿಯುತ್ತಿದ್ದಳು. ಅಷ್ಟರಲ್ಲಿ ರಸ್ತೆಯ ಮೇಲೆ ಮತಾಲೇನಾಳ ಹಳದಿ ಬಸ್ಸು ಹೋಯಿತು.

"ಈ ಮರದ ಬಸ್ಸುಗಳನ್ನ ಒಬ್ಬ ಹೆಂಗಸು ಕಟ್ಟೋದಂತೆ, ಹೌದಾ?" ಎಂದು ಪಾದ್ರಿಯಮ್ಮ ಕೇಳಿದಳು.

ನನ್ನ ಪಕ್ಕದಲ್ಲಿದ್ದ ತಲಾಯಿ ತಲೆ ಎತ್ತದೆ ಹೇಳಿದಳು: "ಹೂಂ, ಅವಳೇ. ಸೈನ್ಯಕ್ಕೆ ಸೇರ್ತೀನಿ ಅಂತ ಹೇಳಿ, ಕೊನೇ ಗಳಿಗೇಲಿ ಹೆದರಿ ಓಡಿ ಬಂದವಳು."

ಎಲ್ಲರೂ ನಕ್ಕರು. ನಾನು ಕೈಯಲ್ಲಿದ್ದ ಎಲೆ ಕೆಳಗಿಟ್ಟೆ.

ಇಪ್ಪತ್ತೆರಡು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಸೇರುತ್ತೇನೆಂದು ಅವಳು ಯಾವತ್ತೂ ಹೇಳಿರಲಿಲ್ಲ. ಹೇಳದವಳು ಓಡಿ ಬರುವುದೆಲ್ಲಿಂದ? ನಾನು ಮಾತಿನವಳಲ್ಲ, ಕೇಳಿಸಿಕೊಳ್ಳುವವಳು. ಆದರೆ ಮನೆಗೆ ಬಂದ ಮೇಲೆ ಕಾಗದ ತೆಗೆದು ಕೂತೆ. ಆ ಸಂಗತಿಯಲ್ಲಿ ಕೈಬದಲಾದ ಚಾಪೆ ನನ್ನದು, ಕೈಬದಲಾಯಿಸಿದವನು ನನ್ನ ತಮ್ಮ. ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ. ನಗುವವರು ಆಮೇಲೆ ನಗಲಿ.

ಮತಾಲೇನಾ ನನ್ನ ತಮ್ಮ ಸವೇಲಿಯೋನ ಮೊಮ್ಮಗಳು, ಅವನ ಮಗಳು ಸೆಫಿನಾಳ ಹಿರಿಯವಳು. ಗಂಡ ಬಿಟ್ಟು ಹೋದ ಮೇಲೆ ಸೆಫಿನಾ ಬಂದರಿನ ಮೀನು ಡಬ್ಬಿ ಕಾರ್ಖಾನೆಗೆ ಸೇರಿದಳು. ನಸುಕಿಗೆ ಬಿಳಿ ರಬ್ಬರು ಬೂಟು ಹಾಕಿಕೊಂಡು ಹೋದರೆ ಮಧ್ಯಾಹ್ನ ಮೂರಕ್ಕೆ ಬರುತ್ತಿದ್ದಳು. ಹಾಗಾಗಿ ಹುಡುಗಿ ಬೆಳೆದದ್ದು ಅಜ್ಜನ ಮನೆಯಲ್ಲಿ, ಅಲ್ಲೇ ಇದ್ದ ನನ್ನ ಕಣ್ಣ ಮುಂದೆ. ಮನೆಯಲ್ಲಿ ಬೆಳೆದಳು ಅನ್ನುವುದಕ್ಕಿಂತ ಚರ್ಚಿನ ಹಿಂದೆ ವಿಲಿಯ ಶೆಡ್ಡಿನಲ್ಲಿ ಬೆಳೆದಳು ಅಂದರೆ ಸರಿ. ವಿಲಿ ಸೆಫಿನಾಳ ತಮ್ಮ. ಹಳೇ ಟ್ರಕ್ಕುಗಳನ್ನು ತಂದು, ಮೈ ಕಿತ್ತು, ಮೇಲೆ ಮರದ ಮೈ ಕೂರಿಸಿ ಬಸ್ಸು ಮಾಡುತ್ತಿದ್ದ. ಹುಡುಗಿ ಒಂಬತ್ತನೇ ವಯಸ್ಸಿಗೇ ಅಲ್ಲಿ ಮೊಳೆ ಆರಿಸಿಕೊಡುತ್ತಾ ನಿಂತವಳು.

ಅವಳಿಗೆ ಹನ್ನೆರಡಾದಾಗಿನ ಒಂದು ದಿನ ನನಗೆ ನೆನಪಿದೆ. ನಾವು ಆಸ್ಪತ್ರೆಯಿಂದ ಬರುತ್ತಿದ್ದೆವು. ಗುಡ್ಡ ಹತ್ತುವಾಗ ಬಸ್ಸು ನಿಂತಿತು. ಡ್ರೈವರು ಇಳಿದು, ಮುಂದಿನ ಮುಚ್ಚಳ ಎತ್ತಿ, ತಲೆ ಕೆರೆದುಕೊಂಡ. ಹುಡುಗಿ ಕಿಟಕಿಯಿಂದಲೇ ಕೂಗಿದಳು: "ಮಾವಾ, ಎಡಗಡೆ ನೋಡು. ಅಲ್ಲಿ ಒಂದು ಸಿಲಿಂಡರು ಉರೀತಾ ಇಲ್ಲ."

"ನೀನು ಬಾಯಿ ಮುಚ್ಚು, ಮೂಗಿನ ಸಿಂಬಳ ಒರೆಸ್ಕೊ," ಅಂದ ಡ್ರೈವರು. ಆಮೇಲೆ ಎಡಗಡೆಯೇ ನೋಡಿದ. ಬಸ್ಸು ಹೊರಟಿತು. ಅವನು ಅವಳಿಂದ ಟಿಕೆಟ್ಟಿನ ಚಿಲ್ಲರೆ ತೆಗೆದುಕೊಳ್ಳಲಿಲ್ಲ, ಅಷ್ಟೇ. ಒಂದು ಒಳ್ಳೆ ಮಾತನ್ನೂ ಆಡಲಿಲ್ಲ. ನಾನು ಜೀವಮಾನವಿಡೀ ಜನರ ಮಾತು ಕೇಳಿಸಿಕೊಂಡವಳು. ಈ ಹುಡುಗಿ ಎಂಜಿನ್ನಿನ ಮಾತು ಹಾಗೆ ಕೇಳಿಸಿಕೊಳ್ಳುತ್ತಾಳೆ ಅಂತ ಅವತ್ತು ತಿಳಿಯಿತು.

ಹೈಸ್ಕೂಲಿನ ಕೊನೇ ವರ್ಷ ಬಂತು. ಸಮೋವಾದ ನಮ್ಮ ಈ ದ್ವೀಪದಲ್ಲಿ ಆ ವರ್ಷ ಮಕ್ಕಳ ಮುಂದಿರುವ ಬಾಗಿಲುಗಳು ಎಷ್ಟು? ಒಂದು ಮೀನಿನ ಕಾರ್ಖಾನೆ, ಒಂದು ದ್ವೀಪ ಬಿಟ್ಟು ಹೋಗುವ ವಿಮಾನ, ಇನ್ನೊಂದು ಸೈನ್ಯ. ಪ್ರತಿ ಮನೆಯ ಗೋಡೆಯ ಮೇಲೂ ಸಮವಸ್ತ್ರದ ಫೋಟೋ ಇದೆ, ಅದಕ್ಕೆ ಚಿಪ್ಪಿನ ಹಾರ ಇದೆ. ನಮ್ಮ ಮನೆಯಲ್ಲಿ ಮೂರು ಇವೆ. ಅದರಲ್ಲಿ ಒಂದು ನನ್ನ ಮಗ ತಿಮೋತಿಯದು. ಅವನು ತಾನೇ ಬೇಕೆಂದು ಹೋದ, ತಾನೇ ಸಹಿ ಹಾಕಿದ. ವಾಪಸ್ಸು ಬಂದಾಗ ಎಡಗಿವಿ ಪೂರಾ ಹೋಗಿತ್ತು. ಈಗ ಚರ್ಚಿನಲ್ಲಿ ಎಡಗೋಡೆಗೆ ಒತ್ತಿಕೊಂಡು ಕೂರುತ್ತಾನೆ, ಹಾಡುವವರೆಲ್ಲ ಬಲಗಿವಿಯ ಕಡೆ ಬರಲಿ ಎಂದು. ಅದಕ್ಕಾಗಿ ನಾನು ಸೈನ್ಯವನ್ನು ಬೈದವಳಲ್ಲ. ಅವನ ಕಿವಿ, ಅವನ ತೀರ್ಮಾನ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಲಾಯಿಯಂಥವರು "ಮುದುಕಿ ಮಗನ ಸಿಟ್ಟು ತೀರಿಸ್ಕೊಂಡಳು" ಅಂದಾರು.

ಆ ವರ್ಷ ಶಾಲೆಯಲ್ಲಿ ಕೊನೇ ತರಗತಿಯವರೆಲ್ಲರೂ ಸೈನ್ಯದವರ ಒಂದು ಪರೀಕ್ಷೆ ಬರೆದರು. ಸೇರುವವರು, ಸೇರದವರು ಎಂದಿಲ್ಲ, ಎಲ್ಲರೂ ಬರೆದರು. ಯಂತ್ರಗಳ ಭಾಗದಲ್ಲಿ ಮತಾಲೇನಾಳಿಗೆ ಎಲ್ಲರಿಗಿಂತ ಹೆಚ್ಚು ಬಂತು. ಭರ್ತಿ ಕಚೇರಿಯ ಸಾರ್ಜೆಂಟ್ ಶಾಲೆಯಲ್ಲೇ ಅವಳ ಜೊತೆ ಎರಡು ಸಲ ಮಾತಾಡಿದ. ಅವನ ಹೆಸರು ಇಯೋಸೆಫೋ, ಪಡುವಣ ಸಮೋವಾದ ಕಡೆಯವನು, ಎತ್ತರದ ಆಳು, ಮೆಲು ಮಾತಿನವನು.

"ಏನಂದೆ ಅವನಿಗೆ?" ಎಂದು ನಾನು ಕೇಳಿದೆ. ಅವಳು ನನ್ನ ಪಕ್ಕ ಕೂತು ಕೆಸುವಿನ ಗೆಡ್ಡೆ ಕೆರೆಯುತ್ತಿದ್ದಳು.

"ಯೋಚನೆ ಮಾಡ್ತೀನಿ ಅಂದೆ ಅಜ್ಜಿ."

"ಮಾಡ್ತಿದೀಯಾ?"

"ಮಾಡ್ತಿದೀನಿ. ಒಂದಿನ ಹೋಗೋಣ ಅನ್ಸತ್ತೆ. ಅಲ್ಲಿ ದೊಡ್ಡ ದೊಡ್ಡ ಎಂಜಿನ್ನಂತೆ. ಮಾರನೇ ದಿನ ಬೇಡ ಅನ್ಸತ್ತೆ. ಇಲ್ಲೇ ಕಾಲೇಜಲ್ಲಿ ಡೀಸೆಲ್ ಕೆಲಸದ ಕೋರ್ಸಿಗೂ ಅರ್ಜಿ ಹಾಕಿದೀನಿ."

"ಹೆದರಿಕೆಯಾ?"

ಅವಳು ಗೆಡ್ಡೆ ಕೆರೆಯುವ ಚಿಪ್ಪು ಕೆಳಗಿಟ್ಟು ಯೋಚಿಸಿದಳು. "ಸ್ವಲ್ಪ. ಯಾರಿಗಿರಲ್ಲ? ಆದ್ರೆ ಅದಕ್ಕಲ್ಲ. ಲೆಕ್ಕ ಇನ್ನೂ ಕೂಡಿ ಬಂದಿಲ್ಲ."

ಹದಿನೇಳು ವರ್ಷದ ಹುಡುಗಿ ಇಷ್ಟು ನೇರವಾಗಿ ಮಾತಾಡಿದಳು. ಇದಕ್ಕಿಂತ ಹೆಚ್ಚು ಬುದ್ಧಿಯ ಮಾತನ್ನು ನಮ್ಮ ಮನೆಯ ಯಾವ ಗಂಡಸೂ ಆ ವರ್ಷ ಆಡಲಿಲ್ಲ.

ಅವಳಿಗೆ ಹದಿನೆಂಟು ತುಂಬಲು ಇನ್ನೂ ಮೂರು ತಿಂಗಳಿತ್ತು. ಅಲ್ಲಿಯ ತನಕ ಅವಳ ಸಹಿಯ ಪಕ್ಕ ತಾಯಿಯ ಸಹಿಯೂ ಬೇಕು. ಅದಕ್ಕೆ ಸಾರ್ಜೆಂಟ್ ಒಂದು ಶನಿವಾರ ಮನೆಗೆ ಬಂದ. ಬಂದದ್ದು ತಪ್ಪಲ್ಲ. ಬಂದ ರೀತಿಯಲ್ಲೇ ಎಲ್ಲ ಎಡವಟ್ಟಾಯಿತು.

ಅವನು ಬರಿಗೈಯಲ್ಲಿ ಬರಲಿಲ್ಲ. ಬಾಯಿ ಕೊಚ್ಚಿದ ಎಳನೀರು, ಹೆಗಲಿಗೆ ಹಾಕಿದ ಹೊಸ ಬಟ್ಟೆ, ಒಂದು ಪೆಟ್ಟಿಗೆ ಮೀನಿನ ಡಬ್ಬಿ, ಬಿಸ್ಕತ್ತಿನ ದೊಡ್ಡ ಡಬ್ಬ, ಎಲ್ಲ ಕ್ರಮವಾಗಿ ತಂದು, ಕಂಬದ ಪಕ್ಕ ಕಾಲು ಮಡಿಸಿ ಕೂತು, ಮನೆತನದ ಯಜಮಾನನಿಗೆ ಸಲ್ಲುವ ಮರ್ಯಾದೆಯ ಮಾತುಗಳನ್ನೆಲ್ಲ ಒಂದೂ ಬಿಡದೆ ಹೇಳಿದ. ನನ್ನ ತಮ್ಮ ಸವೇಲಿಯೋ ಉಬ್ಬಿಹೋದ. ಯಜಮಾನಿಕೆ ಬಂದು ಹದಿನೈದು ವರ್ಷವಾಗಿತ್ತು, ಸರಕಾರದ ಸಮವಸ್ತ್ರ ಹಾಕಿದವನೊಬ್ಬ ತನ್ನ ಮುಂದೆ ಹೀಗೆ ಕೂತದ್ದು ಅದೇ ಮೊದಲು. ನಮ್ಮಲ್ಲಿ ಹೀಗೆ ಎಳನೀರು ಬಟ್ಟೆ ಇಟ್ಟು ಕೇಳುವುದು ದೊಡ್ಡದನ್ನು ಕೇಳುವಾಗ. ಹೆಣ್ಣು ಕೇಳುವಾಗ, ನೆಲ ಕೇಳುವಾಗ. ತಮ್ಮ ಅದನ್ನು ಹಾಗೇ ತಿಳಿದ. ಅವನೂ ಎದ್ದು ಕೂತು ಉದ್ದದ ಮಾತು ಆಡಿದ. ಕೊನೆಗೆ ತನ್ನ ಹೆಂಡತಿಗೆ ಕಣ್ಸನ್ನೆ ಮಾಡಿದ. ಅವಳು ಒಳಗೆ ಹೋಗಿ ಒಂದು ಚಾಪೆ ತಂದು ಬಿಡಿಸಿ ತೋರಿಸಿ ಸಾರ್ಜೆಂಟನ ಮುಂದೆ ಹಾಸಿದಳು. ಚಾಪೆ ಕೊಟ್ಟಾಯಿತು ಅಂದರೆ ಮಾತು ಕೊಟ್ಟಾಯಿತು. ಹುಡುಗಿ ಹೋಗುತ್ತಾಳೆ.

ಆಗ ಹುಡುಗಿ ಎಲ್ಲಿದ್ದಳು? ವಿಲಿಯ ಶೆಡ್ಡಿನಲ್ಲಿ ಟ್ರಕ್ಕಿನ ಅಡಿ ಮಲಗಿದ್ದಳು. ಇನ್ನೂರು ಹೆಜ್ಜೆ ದೂರ. ಕೂಗಿದ್ದರೆ ಕೇಳುತ್ತಿತ್ತು. ಯಾರೂ ಕೂಗಲಿಲ್ಲ.

ನಾನೂ ಇರಲಿಲ್ಲ, ಪಕ್ಕದ ಊರಿನ ಸಾವಿಗೆ ಹೋಗಿದ್ದೆ. ಸಂಜೆ ಬಂದು ಹಾಸಿಗೆ ಸರಿಮಾಡಲು ಹೋದರೆ ಅದು ಒಂದು ಮೂಲೆಯಲ್ಲಿ ತಗ್ಗಾಗಿತ್ತು. ನಾವು ಒಳ್ಳೆ ಚಾಪೆಗಳನ್ನು ಹಾಸಿಗೆಯ ಅಡಿಯಲ್ಲಿ ಮಟ್ಟಸವಾಗಿ ಇಡುತ್ತೇವೆ. ಎತ್ತಿ ನೋಡಿದರೆ ನನ್ನ ಚಾಪೆ ಇಲ್ಲ. ಹದಿನಾಲ್ಕು ತಿಂಗಳು ಹೆಣೆದದ್ದು, ರೇಷ್ಮೆಯ ಹಾಗೆ ಮಡಚಬಹುದಾದದ್ದು, ಅಂಚಿಗೆ ಕೆಂಪು ಗರಿ ಹೊಲಿದದ್ದು. ನನ್ನ ಸಾವಿಗೆಂದು ಇಟ್ಟುಕೊಂಡಿದ್ದೆ. ಎಲ್ಲಿ ಎಂದು ನಾದಿನಿಯನ್ನು ಕೇಳಿದರೆ, "ಇನ್ನೆಲ್ಲಿ ಅತ್ತಿಗೆ, ಮನೆ ಮರ್ಯಾದೆಗೆ ಹೋಯ್ತು" ಅಂದಳು, ಉಪ್ಪಿನ ಡಬ್ಬಿ ಕೊಟ್ಟು ಕಳಿಸಿದ ಹಾಗೆ.

ಮಾರನೇ ದಿನ ಭಾನುವಾರ. ಚರ್ಚಿನಲ್ಲಿ ಹಳೇ ಪಾದ್ರಿ ಎಲ್ಲರ ಮುಂದೆ ಮತಾಲೇನಾಳ ಹೆಸರು ಹೇಳಿ ಆಶೀರ್ವಾದ ಬೇಡಿದರು. ಹಾಡುವವರ ಸಾಲಿನಲ್ಲಿ ನಿಂತಿದ್ದ ಹುಡುಗಿ ಪುಸ್ತಕದಿಂದ ತಲೆ ಎತ್ತಿ ಪಾದ್ರಿಯನ್ನು ನೋಡಿದಳು, ಅಜ್ಜನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಚರ್ಚಿನಿಂದ ಹೊರಗೆ ಬಂದದ್ದೇ ನನ್ನ ಕೈ ಹಿಡಿದುಕೊಂಡಳು.

"ಅಜ್ಜಿ, ನಾನು ಯಾವಾಗ ಒಪ್ಪಿದೆ?"

"ಒಪ್ಪಲಿಲ್ಲ ಮಗಾ."

"ಮತ್ತೆ ಎಲ್ಲರೂ ಮುತ್ತು ಕೊಡ್ತಿದಾರಲ್ಲ!"

ಅವತ್ತು ಮಧ್ಯಾಹ್ನ ಊಟಕ್ಕೆ ಮನೆಮಂದಿಯೆಲ್ಲ ಸೇರಿದರು. ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆ, ದೀವಿಹಲಸು, ಹಂದಿ ಮಾಂಸ. ಸಾರ್ಜೆಂಟ್ ತಂದಿದ್ದ ಮೀನಿನ ಡಬ್ಬಿಗಳನ್ನೂ ಒಡೆದಿದ್ದರು. ಉಂಡವರೆಲ್ಲ ಒಬ್ಬೊಬ್ಬರಾಗಿ ಉಪದೇಶ ಮಾಡಿದರು. ಮನೆತನದ ಹೆಸರಂತೆ, ತಾಯಿಗೆ ಆಸರೆಯಂತೆ, ಕಲಿಯಲು ಅವಕಾಶವಂತೆ. ಹುಡುಗಿ ಒಂದೇ ಮಾತು ಹೇಳಿದಳು: "ನಾನಿನ್ನೂ ತೀರ್ಮಾನ ಮಾಡಿಲ್ಲ."

"ಅಯ್ಯೋ, ಗ್ರೀಸು ಮೆತ್ಕೊಂಡು ಗಂಡುಬೀರಿ ಥರ ಓಡಾಡ್ತಿದ್ದವಳು ಈಗ ಕೋಳಿಮರಿ ಆಗ್ಬಿಟ್ಳಲ್ಲ," ಎಂದ ಅವಳ ದೊಡ್ಡಮಾವ. ಎಲ್ಲರೂ ನಕ್ಕರು. ಅವನು ಜೀವಮಾನದಲ್ಲಿ ಬಂದರು ದಾಟಿದವನಲ್ಲ. ಮೂಲೆಯಲ್ಲಿ ಕೂತಿದ್ದ ತಿಮೋತಿ ಮಾತ್ರ ನಗಲಿಲ್ಲ. ಅವನ ಬಲಗಿವಿ ಅವರ ಕಡೆಗೇ ಇತ್ತು.

ಸೆಫಿನಾ ತಲೆ ತಗ್ಗಿಸಿ ಕೂತಿದ್ದಳು. ಮೀನು ಸೀಳಿ ಸೀಳಿ ಅವಳ ಬೆರಳು ದಪ್ಪಗಾಗಿದ್ದವು. ಮಾರನೇ ದಿನ ಬಿಟ್ಟು ಅದರ ಮುಂದಿನ ಸೋಮವಾರ ಸಹಿ ಹಾಕಲು ಅಪ್ಪ ಹೇಳಿಯಾಗಿತ್ತು.

ನಮ್ಮಲ್ಲಿ ಅಕ್ಕ ಹೇಳಿದ್ದನ್ನು ತಮ್ಮ ತಳ್ಳಿಹಾಕುವಂತಿಲ್ಲ. ಅಕ್ಕ ನೊಂದುಕೊಂಡರೆ ಮನೆತನಕ್ಕೆ ಕೇಡು ಎಂದು ನಂಬುವವರು ನಾವು. ಅರವತ್ತು ವರ್ಷದಲ್ಲಿ ಆ ಅಧಿಕಾರವನ್ನು ನಾನು ಒಮ್ಮೆಯೂ ಎತ್ತಿ ತೋರಿಸಿರಲಿಲ್ಲ. ಅವತ್ತು ಕೇಳಿದೆ.

"ಸವೇಲಿಯೋ, ನನ್ನ ಚಾಪೆ ಎಲ್ಲಿ?"

"ಅಕ್ಕಾ, ಅದು ಮನೆತನದ ಕೆಲಸಕ್ಕೆ..."

"ಹೆಣೆದೋಳು ನಾನು. ಹೋಗೋಳು ಇವಳು. ಕೊಟ್ಟೋನು ನೀನು. ನಮ್ಮಿಬ್ಬರಲ್ಲಿ ಯಾರನ್ನ ಕೇಳ್ದೆ?"

ನೊಣ ಓಡಿಸುತ್ತಿದ್ದ ಬೀಸಣಿಗೆಗಳು ನಿಂತವು.

"ಅಕ್ಕಾ, ಮನೆಯೊಳಗಿನ ಮಾತಾಗಿದ್ರೆ ನೀ ಹೇಳ್ದಂಗೇ. ಆದ್ರೆ ಇದು ಮನೆ ದಾಟಿದೆ. ಚರ್ಚಲ್ಲಿ ಹೇಳಿಯಾಗಿದೆ. ಕೊಟ್ಟ ಚಾಪೆ ವಾಪಸ್ ಕೇಳಿದ್ರೆ ನಾನು ನನ್ನ ಮುಖ ಎಲ್ಲಿಡ್ಲಿ?"

"ನಿನ್ನ ಮುಖ ನಿನ್ನ ಕತ್ತಿನ ಮೇಲೇ ಇರತ್ತೆ ಬಿಡು. ಇವಳ ಕಾಲೋ ಕಿವಿಯೋ ಹೋದ್ರೆ ಎಲ್ಲಿಂದ ತಂದಿಡ್ತೀಯ?"

ಅವನು ಚಾಪೆ ವಾಪಸ್ ಕೇಳಲು ಹೋಗಲಿಲ್ಲ. ಗಂಡಸರು ಮುಖ ಮುಖ ಎನ್ನುವಾಗ ನನಗೆ ಎಷ್ಟು ಸಿಟ್ಟು ಬರುತ್ತದೆಂದರೆ, ಅಷ್ಟು ಜೋಪಾನ ಮಾಡುವ ಮುಖವನ್ನು ಇವರು ದಿನಕ್ಕೊಮ್ಮೆಯಾದರೂ ಸರಿಯಾಗಿ ತೊಳೆಯುತ್ತಾರಾ ಎಂದು ಕೇಳಬೇಕೆನಿಸುತ್ತದೆ.

ಗುರುವಾರ ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಕರೆದುಕೊಂಡು ಬಸ್ಸು ಹತ್ತಿ ಭರ್ತಿ ಕಚೇರಿಗೆ ಹೋದೆ. ಬಾಗಿಲು ತೆಗೆದರೆ ಎದುರು ಗೋಡೆಯ ಮೇಲೆ ನನ್ನ ಚಾಪೆ! ನಾಲ್ಕು ಮೂಲೆಗೂ ಮೊಳೆ ಹೊಡೆದು ನೇತುಹಾಕಿದ್ದರು. ಹದಿನಾಲ್ಕು ತಿಂಗಳ ಹೆಣಿಗೆಗೆ ನಾಲ್ಕು ತೂತು. ಸಾರ್ಜೆಂಟ್ ದಡಬಡಿಸಿ ಎದ್ದು ಕುರ್ಚಿ ಎಳೆದ.

"ಬನ್ನಿ ತಾಯೀ, ಕೂತ್ಕೊಳ್ಳಿ. ನೋಡಿ, ನಿಮ್ಮ ಮನೆಯೋರು ಕೊಟ್ಟಿದ್ದು. ಎಲ್ಲರಿಗೂ ಕಾಣೋ ಹಂಗೆ ಹಾಕಿದೀನಿ."

"ಯಾಕೆ ಕೊಟ್ರು ಅಂತ ತಿಳ್ಕೊಂಡಿದೀಯಪ್ಪ?"

"ಪ್ರೀತಿಗೆ. ಮನೆಗೆ ಬಂದೋರಿಗೆ ಮರ್ಯಾದೆ..."

"ನೀನು ಎಳನೀರು ಬಟ್ಟೆ ಇಟ್ಟು ಕೇಳ್ದೆ. ನನ್ನ ತಮ್ಮ ಚಾಪೆ ಹಾಸಿ ಕೊಟ್ಟ. ಈ ಹುಡುಗಿನ ನಿಂಗೆ ಕೊಟ್ಟ. ಅದಕ್ಕೆ ಈ ಚಾಪೆ."

ಸಾರ್ಜೆಂಟನ ಮುಖ ಬೂದಿಯಾಯಿತು. "ಅಯ್ಯೋ ದೇವರೇ! ತಾಯೀ, ಯಜಮಾನರ ಮನೆಗೆ ಬರಿಗೈಲಿ ಹೋದ್ರೆ ನಮ್ಮಮ್ಮ ಈಗ್ಲೂ ನಂಗೆ ಪೊರಕೇಲಿ ಹೊಡೀತಾಳೆ. ಅದಕ್ಕೆ ತಗೊಂಡು ಹೋದೆ. ಇವಳು ಒಪ್ಪಿದಾಳೆ ಅಂತ ನಿಮ್ಮ ತಮ್ಮನೇ ಹೇಳಿದ್ರು!"

"ಇವಳು ಇಲ್ಲೇ ನಿಂತಿದಾಳೆ. ಇವಳನ್ನೇ ಕೇಳು."

ಆ ಇಡೀ ವಾರದಲ್ಲಿ ಹುಡುಗಿಯನ್ನು ಮೊದಲು ಕೇಳಿದವನು ಅವನು. "ಮತಾಲೇನಾ, ನೀನು ಒಪ್ಪಿದೀಯಾ?"

"ಇಲ್ಲ ಸರ್. ಬೇಡ ಅಂತಾನೂ ಹೇಳಿಲ್ಲ. ಇನ್ನೂ ಯೋಚನೆ ಮಾಡ್ತಿದೀನಿ. ಆದ್ರೆ ಈ ಚಾಪೆ ಅಲ್ಲಿ ನೇತಾಡ್ತಿರೋವರೆಗೂ ನಂಗೆ ಯೋಚನೆ ಮಾಡೋಕೇ ಆಗಲ್ಲ."

ಅವನು ಕುರ್ಚಿ ಹತ್ತಿ, ಒಂದೊಂದೇ ಮೊಳೆ ಕಿತ್ತು, ಚಾಪೆ ಇಳಿಸಿ, ಮೇಜಿನ ಮೇಲೆ ಮಡಚಿಟ್ಟ. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ.

"ನಿಮ್ಮ ಕೈಲಿ ಕೊಟ್ರೆ, ಕೊಟ್ಟಿದ್ದನ್ನ ವಾಪಸ್ ತಗೊಂಡ್ರು ಅಂತ ಊರೆಲ್ಲ ಆಡ್ಕೊಳತ್ತೆ. ಆ ಮಾತು ನಿಮ್ಮ ತಮ್ಮನ ಮೇಲೆ ಬರತ್ತೆ. ಅಲ್ಲಿಂದ ಇವಳ ಮೇಲೆ ಬರತ್ತೆ. ನಂದೂ ತಪ್ಪಿದೆ ತಾಯೀ. ಇವಳ ಹೂಂ ಕೇಳೋ ಮೊದ್ಲೇ ಮುದುಕರ ಹೂಂ ಕೇಳೋಕೆ ಹೋದೆ. ಶನಿವಾರದವರೆಗೂ ಕಾಯಿರಿ."

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕೋಳಿಗಳ ಜೊತೆ ಜನರ ಗುಜುಗುಜು ಕೇಳಿ ಎದ್ದೆ. ತಮ್ಮನ ಮನೆಯ ಮುಂದಿನ ಜಲ್ಲಿಯ ಮೇಲೆ ಸಾರ್ಜೆಂಟ್ ಮಂಡಿಯೂರಿ ಕೂತಿದ್ದ. ಸಮವಸ್ತ್ರ ಇಲ್ಲ. ಸೊಂಟಕ್ಕೆ ಒಂದು ಬಟ್ಟೆ, ಮೈ ಬರಿದು, ತಲೆ ಬಾಗಿದೆ, ತಲೆಯ ಮೇಲಿಂದ ಬೆನ್ನಿನ ತನಕ ನನ್ನ ಚಾಪೆ ಹೊದ್ದಿದ್ದಾನೆ. ಕೊಲೆ ಮಾಡಿದ ಮನೆಯವರು, ಹೆಣ್ಣಿಗೆ ಅನ್ಯಾಯ ಮಾಡಿದ ಮನೆಯವರು ಹೀಗೆ ಬಂದು ಕೂರುತ್ತಾರೆ. ನೊಂದ ಮನೆಯವರು ಹೊರಗೆ ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತುವ ತನಕ ಅವನು ಏಳುವಂತಿಲ್ಲ. ಎತ್ತಿದ ಮೇಲೆ ಚಾಪೆ ಆ ಮನೆಗೇ ಸೇರುತ್ತದೆ. ಯಾರ ಮುಖಕ್ಕೂ ಮಸಿ ಬಳಿಯದೆ ಚಾಪೆ ಮನೆಗೆ ಬರುವ ದಾರಿ ಇದೊಂದೇ ಇತ್ತು. ಅದನ್ನು ಕಂಡುಕೊಂಡವನು ಹೊರಗಿನವನು.

ನನ್ನ ತಮ್ಮ ಏನು ಮಾಡುತ್ತಿದ್ದ? ಒಳಗೆ ಕೂತು ಕೋಕೋ ಕುಡಿಯುತ್ತಿದ್ದ! ಯಜಮಾನ ಕೂರುವ ನಮ್ಮ ಮುಂದಿನ ಮನೆಗೆ ಗೋಡೆಯಿಲ್ಲ, ಕಂಬಗಳಷ್ಟೇ. ಊರಿಗೆಲ್ಲ ಕಾಣುತ್ತಿತ್ತು. ಕಾಣಲಿ ಎಂದೇ ಕೂತಿದ್ದ. ಒಂದು ಲೋಟ ಮುಗಿಸಿ ಇನ್ನೊಂದು ಹಾಕಿಸಿಕೊಂಡ. ಬಿಸಿಲು ಏರಿತು. ಸಾರ್ಜೆಂಟನ ಮಂಡಿಗೆ ಜಲ್ಲಿ ಒತ್ತಿ ರಕ್ತ ಬಂದಿದ್ದು ನನಗೆ ಕಾಣುತ್ತಿತ್ತು. ಹೊತ್ತು ಹೋದಷ್ಟೂ ಯಜಮಾನ ದೊಡ್ಡವನಾಗುತ್ತಾನಲ್ಲ!

ಮತಾಲೇನಾ ನನ್ನ ಪಕ್ಕ ಬಂದು ನಿಂತಳು. "ಅಜ್ಜಿ, ತಪ್ಪು ಮಾಡಿದೋರು ಒಳಗೆ ಕೂತಿದಾರೆ. ಸರ್ ಯಾಕೆ ಹೊರಗೆ ಕೂತಿದಾರೆ?"

ನಾನು ಸೀದಾ ತಮ್ಮನ ಮುಂದೆ ಹೋದೆ.

"ಈಗ ಏಳ್ತೀಯೋ, ಇಲ್ಲ ನಾನು ಹೋಗಿ ಅದೇ ಚಾಪೆ ಕೆಳಗೆ ಅವನ ಪಕ್ಕ ಕೂರ್ಲೋ?"

ತಮ್ಮನ ಮನೆಯ ಮುಂದೆ ಅಕ್ಕ ಚಾಪೆ ಹೊದ್ದು ಕೂತಳು ಎಂದರೆ ಆ ಮನೆತನದ ಹೆಸರನ್ನು ಮೂರು ತಲೆಮಾರು ಯಾರೂ ಬಾಯಿಗೆ ತರುವುದಿಲ್ಲ. ಅವನು ಎದ್ದ ರಭಸಕ್ಕೆ ಕೋಕೋ ಚೆಲ್ಲಿತು. ಹೊರಗೆ ಹೋಗಿ ಚಾಪೆ ಎತ್ತಿದ.

ಸಾರ್ಜೆಂಟ್ ತಲೆ ಬಗ್ಗಿಸಿಯೇ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನಾನು ಬರಬೇಕಾದ ಬಾಗಿಲು ಬಿಟ್ಟು ಬೇರೆ ಬಾಗಿಲಿಗೆ ಬಂದೆ. ಹುಡುಗಿಯನ್ನ ಕೇಳಬೇಕಿತ್ತು, ಮನೆಯನ್ನ ಕೇಳಿದೆ. ಈ ಮನೆ ಯಾವ ಮಾತನ್ನೂ ಕೊಟ್ಟಿಲ್ಲ. ತಪ್ಪು ನಂದು."

"ಕ್ಷಮಿಸಿದ್ದೇನೆ," ಎಂದ ನನ್ನ ತಮ್ಮ. ಕ್ಷಮಿಸಿದನಂತೆ! ಸಾಯುವ ತನಕ ಅವನು ಆ ಬೆಳಗ್ಗೆಯ ಕಥೆಯನ್ನು ತನ್ನ ದೊಡ್ಡತನದ ಕಥೆಯಾಗಿ ಹೇಳಿದ. ಅವನ ಸಾವಿನಲ್ಲೂ ಮಾತುಗಾರರು ಅದನ್ನೇ ಹೊಗಳಿದರು. ಹುಡುಗಿಯ ಹತ್ತಿರ ಮಾತ್ರ ಅವನು ಒಂದು ದಿನವೂ "ತಪ್ಪಾಯ್ತು ಮಗಾ" ಅನ್ನಲಿಲ್ಲ.

ಅದಾದ ಮೇಲೆ ಹುಡುಗಿ ಹತ್ತು ದಿನ ಯೋಚಿಸಿದಳು. ನಿಜವಾಗಿ ಯೋಚಿಸಿದಳು, ಸುಮ್ಮನೆ ತಳ್ಳಿಹಾಕಲಿಲ್ಲ. ಒಬ್ಬಳೇ ಎರಡು ಸಲ ಆ ಕಚೇರಿಗೆ ಹೋಗಿ ಬಂದಳು. ಒಂದು ಸಂಜೆ ತಿಮೋತಿಯ ಬಲಗಡೆ ಕೂತು ಬಹಳ ಹೊತ್ತು ಮಾತಾಡಿದಳು. ತಾಯಿಯಾದ ನನಗೆ ಯಾವತ್ತೂ ಹೇಳದ್ದನ್ನು ಅವನು ಅವಳಿಗೆ ಹೇಳಿದನೆಂದು ಕಾಣುತ್ತದೆ. ಏನೆಂದು ಅವಳು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನು ಎದ್ದು ಹೋಗುವಾಗ ಅಂದದ್ದು ಮಾತ್ರ ನನ್ನ ಕಿವಿಗೆ ಬಿತ್ತು: "ಹೋಗೋದಾದ್ರೆ ಹೋಗು. ಆದ್ರೆ ಯಾರೋ ತಳ್ಳಿದ್ರು ಅಂತ ಹೋಗ್ಬೇಡ. ಅಲ್ಲಿ ಕಷ್ಟ ಬಂದಾಗ ಬೈಯೋಕೆ ನಿನ್ನನ್ನ ಬಿಟ್ಟು ಬೇರೆ ಯಾರೂ ಇರಬಾರದು."

ಹತ್ತನೇ ದಿನ ಅವಳು ಬಂದು ನನ್ನ ಪಕ್ಕ ಕೂತಳು.

"ಸರ್‌ನ ಕೇಳಿದೆ ಅಜ್ಜಿ, ಎಂಜಿನ್ ಕೆಲಸವೇ ಕೊಡ್ತೀರಾ ಅಂತ. ಅವರು ಸುಳ್ಳು ಹೇಳಲಿಲ್ಲ. ಸಿಕ್ಕರೂ ಸಿಗಬಹುದು, ಆಮೇಲೆ ಅವರಿಗೆ ಎಲ್ಲಿ ಬೇಕೋ ಅಲ್ಲಿಗೆ ಹಾಕ್ತಾರೆ ಅಂದ್ರು. ನಂಗೆ ಬೇಕಿರೋದು ಎಂಜಿನ್ನು. ಸಿಗತ್ತೋ ಇಲ್ವೋ ಅಂತ ಅಲ್ಲಿ ಹೋಗಿ ಕಾಯೋದ್ಯಾಕೆ? ವಿಲಿ ಮಾವನ ಶೆಡ್ಡಲ್ಲಿ ಮೂರು ಬಿದ್ದಿವೆ."

"ಲೆಕ್ಕ ಕೂಡಿ ಬಂತಾ?"

"ಬಂತು. ನಾನು ಹೋಗಲ್ಲ."

ತಾನೇ ಹೋಗಿ ಸಾರ್ಜೆಂಟಿಗೆ ಹೇಳಿ ಬಂದಳು. ಅವನು ಅವಳ ಕೈ ಕುಲುಕಿ, "ಬಸ್ಸು ಕಟ್ಟಿದಾಗ ನಂಗೊಂದು ಸೀಟು ಇಟ್ಟಿರು" ಅಂದನಂತೆ. ಬಸ್ಸು ಮುಗಿಯುವಷ್ಟರೊಳಗೆ ಅವನಿಗೆ ವರ್ಗವಾಯಿತು. ಆ ಸೀಟು ಹಾಗೇ ಉಳಿಯಿತು.

ಹೀಗೆ ಎದುರು ನಿಂತು ಹೇಳಿ ಬಂದದ್ದಕ್ಕೆ ಊರಿನವರು ಓಡಿಬಂದಳು ಎನ್ನುತ್ತಾರೆ. ಅಜ್ಜ ಒಂದು ವರ್ಷ ಅವಳ ಜೊತೆ ಮಾತಾಡಲಿಲ್ಲ. ಹಾಡುವವರ ಸಾಲಿನಲ್ಲಿ ಅವಳನ್ನು ಮುಂದಿನಿಂದ ಕೊನೆಗೆ ಹಾಕಿದರು. ಹುಡುಗರು ರಸ್ತೆಯಲ್ಲಿ ಕಂಡಾಗೆಲ್ಲ ನಿಂತು ಸೆಲ್ಯೂಟ್ ಹೊಡೆಯುತ್ತಿದ್ದರು. ಅವಳು ಹಗಲು ಕಾಲೇಜಿಗೆ ಹೋಗಿ, ಸಂಜೆ ಶೆಡ್ಡಿನಲ್ಲಿ ದುಡಿದು, ಎರಡೂವರೆ ವರ್ಷಕ್ಕೆ ಮೊದಲ ಬಸ್ಸು ಹೊರಗೆ ತಂದಳು. ವಿಲಿ ತೀರಿಕೊಂಡ ಮೇಲೆ ಶೆಡ್ಡು ಅವಳದ್ದಾಯಿತು. ಈಗ ದ್ವೀಪದಲ್ಲಿ ಅವಳ ಕೈಯಲ್ಲಿ ಹುಟ್ಟಿದ ಹನ್ನೊಂದು ಬಸ್ಸುಗಳು ಓಡುತ್ತಿವೆ. ನಸುಕಿನ ಬಸ್ಸನ್ನು ಇವತ್ತಿಗೂ ತಾನೇ ಓಡಿಸುತ್ತಾಳೆ, ಕಾರ್ಖಾನೆಯ ಹೆಂಗಸರಿಗೆಂದು. ತಾಯಿ ಹತ್ತುತ್ತಿದ್ದದ್ದು ಅದೇ ಹೊತ್ತಿಗೆ. ತಿಮೋತಿ ಹತ್ತಿದರೆ ಹಾಡಿನ ಪೆಟ್ಟಿಗೆಯನ್ನು ತಾನಾಗಿ ಆರಿಸುತ್ತಾಳೆ.

ತಲಾಯೀ, ನೀನು ದಿನಾ ಆ ಬಸ್ಸಿನಲ್ಲೇ ಹೋಗುತ್ತೀಯ. ಗುಡ್ಡದ ತಿರುವಿನಲ್ಲಿ, ಕೆಳಗೆ ಸಮುದ್ರ ಇರುವ ಕಡೆ, ಕಣ್ಣು ಮುಚ್ಚಿ ನಿದ್ದೆ ಮಾಡುತ್ತೀಯ. ಹೆದರುಪುಕ್ಕಲಿ ಕಟ್ಟಿದ ಬಸ್ಸಿನಲ್ಲಿ ಇಷ್ಟು ಧೈರ್ಯವಾಗಿ ನಿದ್ದೆ ಹೇಗೆ ಬರುತ್ತದೆ ನಿನಗೆ?

ಹೋದ ವರ್ಷ ಮತಾಲೇನಾಳ ತಮ್ಮನ ಮಗ ಫಿಲೆಮೋನಿ ಸೈನ್ಯಕ್ಕೆ ಸೇರುತ್ತೇನೆಂದ. ಅವಳು ಅವನನ್ನು ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿ ಮೂರು ಸಲ ಕೇಳಿದಳು. ಯಾರು ಹೇಳಿಕೊಟ್ಟರು? ಯಾರಿಗಾಗಿ? ಮನೆಯಲ್ಲಿ ಯಾರಾದರೂ ಮಾತು ಕೊಟ್ಟಿದ್ದಾರಾ? ಅವನು ಮೂರು ಸಲವೂ "ಯಾರೂ ಇಲ್ಲ ಅತ್ತೆ, ನಂಗೇ ಆಸೆ" ಅಂದ. ಆಮೇಲೆ ಅವಳು ಅಡ್ಡ ಬರಲಿಲ್ಲ. ಅವನು ಹೊರಟ ದಿನ ಮನೆಮಂದಿಯನ್ನೆಲ್ಲ ತನ್ನ ಬಸ್ಸಿನಲ್ಲೇ ತುಂಬಿಕೊಂಡು ವಿಮಾನ ನಿಲ್ದಾಣಕ್ಕೆ ಬಿಟ್ಟಳು. ಅದಕ್ಕೂ ಊರು, "ತಾನು ಹೋಗ್ಲಿಲ್ಲ, ಬೇರೆಯೋರ ಮಗನ್ನ ಕಳಿಸ್ತಾಳೆ" ಅಂದಿತು. ಈ ಊರಿನ ಬಾಯಿಗೆ ಏನು ಹಾಕಿದರೂ ಕಹಿಯೇ.

ಹೊರಡುವ ಹಿಂದಿನ ದಿನ ಫಿಲೆಮೋನಿ ನನ್ನ ಹತ್ತಿರ ಬಂದಿದ್ದ. ಹಾಸಿಗೆಯ ಅಂಚಿನಲ್ಲಿ ಕೂತು ಕಾಲು ಆಡಿಸುತ್ತಾ ಕೇಳಿದ: "ಅಜ್ಜಿ, ಆ ನಾಕು ತೂತಿನ ಚಾಪೆ ಇದೆಯಲ್ಲ, ಅದನ್ನ ನನ್ನ ಸಾರ್ಜೆಂಟಿಗೆ ಕೊಡ್ಲಾ? ಅದ್ರ ಕಥೆ ಚೆನ್ನಾಗಿದೆ."

ಕೇಳಿದನಲ್ಲ ಎಂದು ಸಂತೋಷವಾಯಿತು. ಅವನ ತಲೆ ಸವರಿ, ಬೇರೆ ಎರಡು ಚಾಪೆ ತೆಗೆದುಕೊಟ್ಟೆ, ಹೊಸವು, ಒಳ್ಳೆಯವು.

"ಅದು ಬೇಡ ಮಗಾ. ಅದು ನಿನ್ನತ್ತೆದು. ನಾನು ಹೋದ ಮೇಲೆ ಅವಳಿಗೆ ಹೋಗತ್ತೆ. ಅಲ್ಲೀ ತನಕ ನಾನು ಅದ್ರ ಮೇಲೆ ಮಲಗಿರ್ತೀನಿ, ಯಾರು ಎತ್ಕೊಂಡು ಹೋಗ್ತಾರೋ ನೋಡ್ತೀನಿ."